ನಸುಕಿಗೇ ಏಕೆ ಹೊರಡಬೇಕು?

ಪ್ರಶ್ನೆ: ಏಪ್ರಿಲ್‌ನಲ್ಲಿ ಹಿಮಾಲಯ ಚಾರಣಕ್ಕೆ ಹೋದಾಗ ಮಾರ್ಗದರ್ಶಕರು ನಸುಕಿನ 3 ಗಂಟೆಗೇ ಎಬ್ಬಿಸುವುದೇಕೆ?

ಉತ್ತರ: ಹಿಮಕುಸಿತದ ಭಯವೇ ಮುಖ್ಯ ಕಾರಣ. ಮೋಡವಿಲ್ಲದ ರಾತ್ರಿಯಲ್ಲಿ ಹಿಮದ ಮೇಲ್ಪದರ ಹೆಪ್ಪುಗಟ್ಟಿ ನಮ್ಮ ಭಾರ ತಾಳುತ್ತದೆ. ಬಿಸಿಲೇರಿದಂತೆ ಕರಗಿದ ನೀರು ಒಳಗಿಳಿದು, ಹರಳಿಗೆ ಹರಳು ಅಂಟಿಕೊಂಡಿದ್ದ ಬೆಸುಗೆಯನ್ನೇ ಬಿಡಿಸುತ್ತದೆ. ಒದ್ದೆ ಹಿಮ ತನ್ನ ಭಾರಕ್ಕೇ ಜಾರುತ್ತದೆ. ಪೂರ್ವಕ್ಕೆ ಮುಖಮಾಡಿದ ಇಳಿಜಾರು ಮೊದಲು ಸಡಿಲವಾಗುತ್ತದೆ, ಆಮೇಲೆ ದಕ್ಷಿಣದ್ದು, ಪಶ್ಚಿಮದ್ದು. 30ರಿಂದ 45 ಡಿಗ್ರಿ ಓರೆಯಿರುವಲ್ಲಿ ಅಪಾಯ ಹೆಚ್ಚು. ನೀವು ನಿಂತ ಜಾಗ ಸಮತಟ್ಟಾಗಿದ್ದರೂ ತಲೆಯ ಮೇಲಿನ ಇಳಿಜಾರನ್ನು ನೋಡಲೇಬೇಕು. ಬಹಳ ಮಂದಿ ಇದನ್ನು ಮರೆಯುತ್ತಾರೆ.

ಎಲ್ಲರೂ ಮಾಡಬಹುದಾದ ಪರೀಕ್ಷೆಯೆಂದರೆ ಕಾಲಿನದು: ಪಾದ ಕಣಕಾಲು ದಾಟಿ ಹೂತರೆ ಹಿಂದಿರುಗಿ. ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೂ ಅಷ್ಟೇ. ರಾತ್ರಿಯಿಡೀ ಮೋಡ ಕವಿದಿದ್ದರೆ ಅಥವಾ ಮಳೆ ಬಿದ್ದಿದ್ದರೆ ನಸುಕಿನ ಹೊತ್ತನ್ನೂ ನಂಬುವಂತಿಲ್ಲ. ಬೆಂಗಳೂರಿನಿಂದ ರಜೆ ಹೊಂದಿಸಿಕೊಂಡು ಹೋದವರಿಗೆ ಅರ್ಧದಿಂದ ಮರಳುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೆ ಹಿಮದಡಿ ಹೂತವರು ಬದುಕುವ ಸಾಧ್ಯತೆ 15 ನಿಮಿಷದ ಆಚೆಗೆ ಬಹುಬೇಗ ಕುಗ್ಗುತ್ತದೆ. ಡಿಆರ್‌ಡಿಒದ ಚಂಡೀಗಢ ಸಂಸ್ಥೆ ಹೊರಡಿಸುವ ಹಿಮಕುಸಿತ ಮುನ್ಸೂಚನೆಯನ್ನು ಹೊರಡುವ ಮುನ್ನ ದಯವಿಟ್ಟು ನೋಡಿ.