ವರದಿ ಬರುವಷ್ಟರಲ್ಲಿ ರೋಗಿ ಉಳಿದಿರಬೇಕಲ್ಲ!

ರಕ್ತಕ್ಕೆ ಬ್ಯಾಕ್ಟೀರಿಯಾ ಸೇರಿ ಮೈಯೆಲ್ಲ ನಂಜೇರಿದ ರೋಗಿಗೆ ವೈದ್ಯರು ಮೊದಲ ದಿನ ಕೊಡುವ ಆ್ಯಂಟಿಬಯಾಟಿಕ್ ಬಹುಮಟ್ಟಿಗೆ ಒಂದು ಊಹೆ. ಅನುಭವದಿಂದ ಹದಗೊಂಡ, ಶಾಸ್ತ್ರದ ಆಧಾರವಿರುವ ಊಹೆ ನಿಜ. ಆದರೂ ಅದು ಊಹೆಯೇ. ಅದು ಸರಿಯೋ ತಪ್ಪೋ ಎಂದು ಹೇಳಬೇಕಾದುದು ಪ್ರಯೋಗಾಲಯ. ಅಷ್ಟು ಹೇಳಲು ನಮ್ಮ ಅನೇಕ ಆಸ್ಪತ್ರೆಗಳಲ್ಲಿ ಮೂರು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಸೂಕ್ಷ್ಮಾಣುಜೀವಿಶಾಸ್ತ್ರದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದ ನನ್ನನ್ನು ಈ ದಿನಗಳ ಲೆಕ್ಕ ಬಹುಕಾಲದಿಂದ ಕಾಡುತ್ತಿದೆ. ಇದರಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ನಿಜವಾಗಿ ಬೇಕಾದ ಹೊತ್ತು ಎಷ್ಟು, ನಾವು ವೃಥಾ ಕಳೆಯುವ ಹೊತ್ತು ಎಷ್ಟು?

ಪ್ರಶ್ನೆ ಸಣ್ಣದಲ್ಲ. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಅಂದರೆ ಸೋಂಕಿನಿಂದ ಅಂಗಾಂಗಗಳೇ ಸೋಲುವ ಸ್ಥಿತಿ ತಲೆದೋರಿತ್ತೆಂದೂ 1.1 ಕೋಟಿ ಜನ ಸತ್ತರೆಂದೂ 2020ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಅಂದಾಜು ಹೇಳುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾದ ಸಾವುಗಳು 2019ರಲ್ಲಿ 12.7 ಲಕ್ಷ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ 2011ರಿಂದ 2014ರವರೆಗೆ ನಡೆದ ಅಧ್ಯಯನದಲ್ಲಿ, ಶಿಶುಗಳ ರಕ್ತದಲ್ಲಿ ದೊರೆತ ಅಸಿನೆಟೊಬ್ಯಾಕ್ಟರ್‌ಗಳಲ್ಲಿ ಶೇ 82ರಷ್ಟು, ಕ್ಲೆಬ್ಸಿಯೆಲ್ಲಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಹುಔಷಧ ನಿರೋಧಕವಾಗಿದ್ದವು. ಇಂತಹ ಘಟಕದಲ್ಲಿ ಊಹೆ ತಪ್ಪುವ ಸಂಭವ ಎಷ್ಟೆಂದು ಓದುಗರೇ ಯೋಚಿಸಬಹುದು.

ಊಹೆ ತಪ್ಪಿದರೆ ಏನಾಗುತ್ತದೆ? ಕೆನಡಾದ ಆನಂದ್ ಕುಮಾರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ನಂಜೇರಿ ರಕ್ತದೊತ್ತಡ ಕುಸಿದ ರೋಗಿಗಳಲ್ಲಿ, ಮೊದಲ ಆರು ಗಂಟೆಗಳಲ್ಲಿ ಸೂಕ್ತ ಔಷಧ ತಡವಾದ ಪ್ರತಿ ಗಂಟೆಗೂ ಬದುಕುಳಿಯುವವರ ಪ್ರಮಾಣ ಸರಾಸರಿ ಶೇ 7.6ರಷ್ಟು ಇಳಿದುದನ್ನು ಅವರು ಕಂಡರು. ಎಲ್ಲ ಸೋಂಕುಗಳಿಗೂ ಈ ಲೆಕ್ಕವನ್ನು ಹಾಗೆಯೇ ಅನ್ವಯಿಸಲಾಗದು. ಆದರೆ 'ಸೂಕ್ತ' ಎಂಬ ಪದವನ್ನು ಗಮನಿಸಬೇಕು. ಬ್ಯಾಕ್ಟೀರಿಯಾ ಮಣಿಯದ ಔಷಧವನ್ನು ಎಷ್ಟು ಬೇಗ ಕೊಟ್ಟರೂ ಅದು ಕೊಡದಂತೆಯೇ ಸರಿ.

ಪರೀಕ್ಷೆಗೆ ಇಷ್ಟು ಕಾಲ ಹಿಡಿಯಲು ಕಾರಣವುಂಟು. ಸೋಂಕು ತಗಲಿದ ವಯಸ್ಕರ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ವೇಳೆ ಬೆರಳೆಣಿಕೆಯಷ್ಟೇ ಬ್ಯಾಕ್ಟೀರಿಯಾಗಳಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಾಣಸಿಗವು. ಆದ್ದರಿಂದ ರಕ್ತವನ್ನು ಪೋಷಕ ದ್ರವವಿರುವ ಬಾಟಲಿಗೆ ಸೇರಿಸಿ, ಬೆಚ್ಚಗಿನ ಯಂತ್ರದಲ್ಲಿಟ್ಟು ಬೆಳೆಸಬೇಕು. ಇದೇ ಬ್ಲಡ್ ಕಲ್ಚರ್. ಬ್ಯಾಕ್ಟೀರಿಯಾ ಬೆಳೆದಾಗ ಯಂತ್ರ ಸೂಚನೆ ಕೊಡುತ್ತದೆ. ಸಾಮಾನ್ಯವಾಗಿ ಇದಕ್ಕೆ ಅರ್ಧ ದಿನದಿಂದ ಎರಡು ದಿನ ಬೇಕು. ಅನಂತರ ಆ ದ್ರವವನ್ನು ಅಗಾರ್ ತಟ್ಟೆಯ ಮೇಲೆ ಎಳೆದು ಒಂದು ರಾತ್ರಿ ಬೆಳೆಸಿ, ಬಂದ ಶುದ್ಧ ಬೆಳೆಯನ್ನು ಇನ್ನೊಂದು ತಟ್ಟೆಗೆ ಸವರಿ, ಅದರ ಮೇಲೆ ಔಷಧ ಹೀರಿಸಿದ ಕಾಗದದ ಬಿಲ್ಲೆಗಳನ್ನಿಟ್ಟು ಮತ್ತೊಂದು ರಾತ್ರಿ ಕಾಯಬೇಕು. ಬಿಲ್ಲೆಯ ಸುತ್ತ ಬೆಳೆಯಿಲ್ಲದ ವೃತ್ತ ಅಗಲವಾಗಿದ್ದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಮಣಿಯುತ್ತದೆಂದು ಅರ್ಥ. 1966ರಲ್ಲಿ ಬಾವರ್, ಕರ್ಬಿ ಮೊದಲಾದವರು ಕ್ರಮಬದ್ಧಗೊಳಿಸಿದ ಈ ವಿಧಾನ ಇಂದಿಗೂ ಬಡ ದೇಶಗಳ ಪ್ರಯೋಗಾಲಯಗಳಿಗೆ ಆಧಾರ.

ಈ ಎರಡು ರಾತ್ರಿಗಳನ್ನು ಉಳಿಸುವ ದಾರಿ ಈಗ ತೆರೆದಿದೆ. ಔಷಧ ಸೂಕ್ಷ್ಮತೆಯ ಮಾನದಂಡಗಳನ್ನು ನಿಗದಿಪಡಿಸುವ ಯುರೋಪಿನ ಸಮಿತಿ 'ಯುಕಾಸ್ಟ್' 2018ರಲ್ಲಿ ಒಂದು ತ್ವರಿತ ವಿಧಾನವನ್ನು ಮುಂದಿಟ್ಟಿತು. ಅದನ್ನು ರೂಪಿಸಿದ್ದು ಸ್ವೀಡನ್ನಿನ ವೆಕ್ಶೋ ಪಟ್ಟಣದಲ್ಲಿರುವ ಅದರ ಪ್ರಯೋಗಾಲಯ. ಇಲ್ಲಿ ಶುದ್ಧ ಬೆಳೆಗಾಗಿ ಕಾಯುವುದಿಲ್ಲ. ಯಂತ್ರ ಸೂಚನೆ ಕೊಟ್ಟ ಬಾಟಲಿಯಿಂದಲೇ ಮೂರ್ನಾಲ್ಕು ಹನಿ ದ್ರವವನ್ನು ತೆಗೆದು ತಟ್ಟೆಗೆ ಸವರಿ, ಅದೇ ಹಳೆಯ ಬಿಲ್ಲೆಗಳನ್ನಿಟ್ಟು 4, 6, 8 ಗಂಟೆಗಳ ಬಳಿಕ ವೃತ್ತವನ್ನು ಅಳೆಯುತ್ತಾರೆ. ಅಲ್ಪ ಕಾಲದ ಬೆಳೆಗೆ ತಕ್ಕ ಅಳತೆಗಳನ್ನು ಪ್ರತ್ಯೇಕವಾಗಿ ನಿಗದಿಪಡಿಸಲಾಗಿದೆ. ವೃತ್ತ ಸಂದಿಗ್ಧ ಅಳತೆಯಲ್ಲಿದ್ದರೆ ಉತ್ತರ ಕೊಡದೆ ಮತ್ತಷ್ಟು ಕಾಯಬೇಕೆಂಬ ಎಚ್ಚರಿಕೆಯೂ ಇದೆ. ಬ್ಯಾಕ್ಟೀರಿಯಾ ಯಾವ ಜಾತಿಯದೆಂದು ಮೊದಲೇ ಗುರುತಿಸಿರಬೇಕು. ಬಾಟಲಿಯಲ್ಲಿ ಎರಡು ಬಗೆಯವು ಬೆರೆತಿದ್ದರೆ ಫಲಿತಾಂಶ ಸಲ್ಲದು. ಈ ಮಿತಿಗಳಿದ್ದರೂ ಬಿಲ್ಲೆ, ತಟ್ಟೆಗಳ ಮಟ್ಟಿಗೆ ಹೊಸ ಖರ್ಚು ಅತ್ಯಲ್ಪ.

ದುಬಾರಿ ದಾರಿಗಳೂ ಇವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಅನುಮತಿ ನೀಡಿದ ಒಂದು ಯಂತ್ರ ಬಾಟಲಿಯ ದ್ರವದಿಂದ ಸುಮಾರು ಏಳು ಗಂಟೆಗಳಲ್ಲಿ ಸೂಕ್ಷ್ಮತೆಯನ್ನು ತಿಳಿಸುತ್ತಿತ್ತು. ದಕ್ಷಿಣ ಕೊರಿಯಾದ ವಿಜ್ಞಾನಿಗಳು 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ ವಿಧಾನ ಬಾಟಲಿಯ ಹಂತವನ್ನೇ ಬಿಟ್ಟು, ಕಾಂತೀಯ ನ್ಯಾನೊಕಣಗಳಿಂದ ರಕ್ತದೊಳಗಿನ ಬ್ಯಾಕ್ಟೀರಿಯಾವನ್ನು ನೇರವಾಗಿ ಹಿಡಿದು ಸುಮಾರು 13 ಗಂಟೆಗಳಲ್ಲಿ ಉತ್ತರ ಕೊಟ್ಟಿತು. ಇವು ಸ್ವಾಗತಾರ್ಹ. ಆದರೆ ಯಂತ್ರ ತಂದು ನಿಲ್ಲಿಸಿದರೆ ಕೆಲಸ ಮುಗಿಯಿತೆಂಬ ಭ್ರಮೆ ಬೇಡ.

ಇದಕ್ಕೆ ಅಮೆರಿಕದ ಎರಡು ವೈದ್ಯಕೀಯ ಕೇಂದ್ರಗಳಲ್ಲಿ ನಡೆದು 2021ರ ಹೊತ್ತಿಗೆ ಪ್ರಕಟವಾದ ಪ್ರಯೋಗವೊಂದು ಸಾಕ್ಷಿ. ರಕ್ತದಲ್ಲಿ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾ ಕಂಡುಬಂದ 448 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ತ್ವರಿತ ಪರೀಕ್ಷೆ, ಇನ್ನೊಂದಕ್ಕೆ ವಾಡಿಕೆಯ ಪರೀಕ್ಷೆ ನಡೆಸಲಾಯಿತು. ಮೊದಲ ಗುಂಪಿನಲ್ಲಿ ಔಷಧ ಬದಲಾವಣೆ ಬೇಗ ಆಯಿತು. ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ತ್ವರಿತ ಪರೀಕ್ಷೆ ವ್ಯರ್ಥವೆಂದು ನಾನು ಇದನ್ನು ಓದುವುದಿಲ್ಲ. ಅಲ್ಲಿ ಮೊದಲ ಊಹೆ ಹೆಚ್ಚಾಗಿ ಸರಿಯಿರುವ ಸಂಭವವಿದೆ. ತಜ್ಞರ ಸಲಹೆ ಎರಡೂ ಗುಂಪಿಗೆ ದೊರೆಯುತ್ತಿತ್ತು. ಊಹೆ ಪದೇ ಪದೇ ತಪ್ಪುವ ನಮ್ಮಲ್ಲಿ ಲಾಭ ಹೆಚ್ಚಿರಬಹುದು. ಆದರೆ ಉತ್ತರ ಬೇಗ ಸಿದ್ಧವಾಗುವುದು ಬೇರೆ, ಅದು ರೋಗಿಯ ಮೈಗೆ ಔಷಧವಾಗಿ ತಲಪುವುದು ಬೇರೆ ಎಂಬ ಪಾಠ ನಮಗೂ ಅನ್ವಯಿಸುತ್ತದೆ.

ಹಗಲು ಪಾಳಿಯಲ್ಲಿ ಮಾತ್ರ ನಡೆಯುವ ಪ್ರಯೋಗಾಲಯವೊಂದನ್ನು ಕಲ್ಪಿಸಿಕೊಳ್ಳಿ. ಶನಿವಾರ ಸಂಜೆ ಐದಕ್ಕೆ ರಕ್ತ ತೆಗೆದರು. ಬಾಟಲಿ ವಾರ್ಡಿನ ಮೇಜಿನ ಮೇಲೆ ಕುಳಿತು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರ ಸೇರಿತು. ಆಗಲೇ 40 ಗಂಟೆ ಸಂದಿತು. ಅಂದು ಸಂಜೆ ಬಾಗಿಲು ಮುಚ್ಚಿದ ಮೇಲೆ ಯಂತ್ರ ಕೊಟ್ಟ ಸೂಚನೆಯನ್ನು ನೋಡಿದ್ದು ಮಂಗಳವಾರ ಬೆಳಿಗ್ಗೆ. ವಾಡಿಕೆಯಂತೆ ಸೂಕ್ಷ್ಮತೆಯ ವರದಿ ಗುರುವಾರ. ವೈದ್ಯರು ಅದನ್ನು ಕಂಡು ಔಷಧ ಬದಲಿಸುವುದು ಶುಕ್ರವಾರದ ರೌಂಡ್ಸ್‌ನಲ್ಲಿ. ತ್ವರಿತ ವಿಧಾನವೊಂದನ್ನೇ ಅಳವಡಿಸಿದರೆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ಉತ್ತರ ಸಿದ್ಧ. ಅದು ದೊಡ್ಡ ಉಳಿತಾಯವೇ. ಆದರೆ ಬಾಟಲಿ ಶನಿವಾರ ಸಂಜೆಯೇ ಯಂತ್ರ ಸೇರಿ, 14 ಗಂಟೆಗೆ ಸೂಚನೆ ಬಂದು, ಆಗ ಅಲ್ಲೊಬ್ಬರು ಇದ್ದಿದ್ದರೆ? ಅದೇ ಉತ್ತರ ಭಾನುವಾರ ಮಧ್ಯಾಹ್ನ ಒಂದಕ್ಕೆ ಸಿಗುತ್ತಿತ್ತು! ನಡುವಿನ 50 ಗಂಟೆಗಳನ್ನು ನುಂಗಿದ್ದು ಬ್ಯಾಕ್ಟೀರಿಯಾ ಅಲ್ಲ, ನಮ್ಮ ವೇಳಾಪಟ್ಟಿ.

"ರಕ್ತದ ರಿಪೋರ್ಟ್ ಬಂತಾ ಸಾರ್?" ಎಂದು ಪ್ರಯೋಗಾಲಯದ ಕಿಟಕಿಯ ಬಳಿ ಕೇಳುವ ಬಂಧುಗಳನ್ನು ನಾನು ಲೆಕ್ಕವಿಲ್ಲದಷ್ಟು ಬಾರಿ ಕಂಡಿದ್ದೇನೆ. "ನಾಳೆ ಬನ್ನಿ" ಎಂಬ ಉತ್ತರ ಅವರಿಗೆ ಇನ್ನೊಂದು ದಿನದ ಐಸಿಯು ಬಿಲ್ಲು ಕೂಡ ಹೌದು. ವರದಿಯಿಲ್ಲದಾಗ ವೈದ್ಯರು ಮೆರೊಪೆನೆಮ್, ಕೊಲಿಸ್ಟಿನ್‌ನಂತಹ ಪ್ರಬಲ ಔಷಧಗಳನ್ನು ಮುಂದುವರಿಸುವುದು ಸಹಜ. ಕೊಲಿಸ್ಟಿನ್ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಅಗತ್ಯವಿಲ್ಲದೆ ಬಳಸಿದ ಪ್ರಬಲ ಔಷಧ ಮುಂದಿನ ರೋಗಿಯ ಪಾಲಿಗೆ ದುರ್ಬಲವಾಗುತ್ತದೆ. ಸ್ಟೆಫೈಲೊಕಾಕಸ್ ಆರಿಯಸ್ ಸರಳ ಔಷಧಕ್ಕೆ ಮಣಿಯುವ ಬಗೆಯದಾಗಿದ್ದರೆ, ವ್ಯಾಂಕೊಮೈಸಿನ್‌ಗಿಂತ ಸೆಫಜೋಲಿನ್ ಹೆಚ್ಚು ಪರಿಣಾಮಕಾರಿ. ಹೀಗೆ ಬೇಗ ಬಂದ ವರದಿ ತಪ್ಪು ಔಷಧವನ್ನು ತಿದ್ದುವಂತೆಯೇ ಅತಿಯಾದ ಔಷಧವನ್ನೂ ತಗ್ಗಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ರಕ್ತದ ಬಾಟಲಿಯನ್ನು ಯಂತ್ರಕ್ಕೆ ಸೇರಿಸುವ ಕೆಲಸ ದಿನದ 24 ಗಂಟೆಯೂ ನಡೆಯಬೇಕು. ಇದಕ್ಕೆ ತಜ್ಞರು ಬೇಕಿಲ್ಲ. ತರಬೇತಿ ಪಡೆದ ರಾತ್ರಿ ಪಾಳಿಯ ತಂತ್ರಜ್ಞರು ಸಾಕು. ಎರಡನೆಯದಾಗಿ, ರಾಜ್ಯದ ವೈದ್ಯಕೀಯ ಕಾಲೇಜುಗಳ ಪ್ರಯೋಗಾಲಯಗಳು ಬಿಲ್ಲೆಯ ತ್ವರಿತ ವಿಧಾನವನ್ನು, ವಾಡಿಕೆಯ ಪರೀಕ್ಷೆಯೊಡನೆ ಹೋಲಿಸಿ ಖಚಿತಪಡಿಸಿಕೊಂಡು, ಅಳವಡಿಸಿಕೊಳ್ಳಲಿ. ಮೂರನೆಯದಾಗಿ, ಫಲಿತಾಂಶ ಫೈಲಿನಲ್ಲಿ ಮಲಗದೆ ಹೊತ್ತುಹೊತ್ತಿಗೆ ದೂರವಾಣಿಯ ಮೂಲಕ ಚಿಕಿತ್ಸೆ ನೀಡುವ ವೈದ್ಯರಿಗೆ ತಲಪಬೇಕು, ಕರೆಯ ಸಮಯ ದಾಖಲಾಗಬೇಕು. ನಾಲ್ಕನೆಯದಾಗಿ, ಆ್ಯಂಟಿಬಯಾಟಿಕ್ ಆರಂಭಿಸುವ ಮೊದಲೇ, ಚರ್ಮವನ್ನು ಚೆನ್ನಾಗಿ ಶುಚಿಗೊಳಿಸಿ, ವಯಸ್ಕರಲ್ಲಿ ಪ್ರತಿ ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ತೆಗೆಯುವ ಶಿಸ್ತು ವಾರ್ಡಿನಲ್ಲಿರಬೇಕು. ಇದಕ್ಕಾಗಿ ಚಿಕಿತ್ಸೆಯನ್ನು ತಡಮಾಡುವಂತಿಲ್ಲ. ಕಡಿಮೆ ರಕ್ತ ತೆಗೆದರೆ ಎಂತಹ ಯಂತ್ರವೂ ಇಲ್ಲದ ಬ್ಯಾಕ್ಟೀರಿಯಾವನ್ನು ಬೆಳೆಸಲಾರದು.

ಇವೆಲ್ಲಕ್ಕಿಂತ ಮುಖ್ಯವಾಗಿ, ರಕ್ತ ತೆಗೆದ ಗಳಿಗೆಯಿಂದ ಸರಿಯಾದ ಔಷಧ ಆರಂಭವಾಗುವವರೆಗಿನ ಗಂಟೆಗಳನ್ನು ಪ್ರತಿ ಆಸ್ಪತ್ರೆಯೂ ಎಣಿಸಲಿ. ಎಷ್ಟು ಹಾಸಿಗೆಗಳಿವೆ, ಎಷ್ಟು ಯಂತ್ರಗಳಿವೆ ಎಂದು ಸರ್ಕಾರ ಕೇಳುತ್ತದೆ. ಈ ಒಂದು ಅಂಕಿಯನ್ನೂ ಕೇಳುವಂತಾಗಲಿ. ಕೇಳಿದ ದಿನದಿಂದಲೇ ಮೇಜಿನ ಮೇಲೆ ಕುಳಿತ ಬಾಟಲಿಗಳು ಏಳುತ್ತವೆ ಎಂಬುದು ನನ್ನ ನಂಬಿಕೆ.