ಸ್ವಂತ ದನಿ, ಸ್ವಂತ ತಟ್ಟೆ

ನವಲಗುಂದ ತಾಲೂಕಿನ ಮೊರಬವು ಎರೆಯ ನೆಲದ ಊರು. ಬಿಳಿಜೋಳ, ಕಡಲೆ, ಕುಸುಬಿಗಳ ಸುಗ್ಗಿ ಮುಗಿದು ರೈತನ ಕೈ ಬಿಡುವಾದಾಗ ಈ ಸೀಮೆಯ ಜಾತ್ರೆಗಳಲ್ಲಿ ಗೀಗೀ ಮೇಳಗಳನ್ನು ಕೂಡಿಸುವದು ಹಳೆಯ ವಾಡಿಕೆಯು. ಇಂಥ ಊರಿನ ಕಟ್ಟೆಯ ಮೇಲೆ ಒಂದು ಸಂಜೆ ನಾವು ಕುಳಿತಿದ್ದಾಗ, ಕಾಲೇಜಿನಿಂದ ಬಂದ ಹುಡುಗನೊಬ್ಬನು ತನ್ನ ಮೊಬೈಲಿನಲ್ಲಿ ವಿಲಾಯತಿಯ ಹಾಡೊಂದನ್ನು ಹಚ್ಚಿದನು. ರಾಗವಿಲ್ಲ, ಆಲಾಪವಿಲ್ಲ, ತಾಳದ ಪೆಟ್ಟಿನ ಮೇಲೆ ಹೆಣ್ಣುಮಗಳೊಬ್ಬಳು ಒಂದೇ ಉಸಿರಿನಲ್ಲಿ ಮಾತು ಹೆಣೆಯುತ್ತಿದ್ದಳು. ಅವನ ಅಜ್ಜನು ಸ್ವಲ್ಪ ಹೊತ್ತು ಕೇಳಿ, “ತಮ್ಮಾ, ಇದು ಹಾಡೋ, ಜಗಳೋ?” ಎಂದನು. “ಎರಡೂ ಐತಿ ಅಜ್ಜಾ” ಎಂದು ಹುಡುಗನು ನಕ್ಕನು. ಅಜ್ಜನು ನಗಲಿಲ್ಲ.

ಒಂದೇ ಮನೆಯಲ್ಲಿ ಹಿರಿಯರ ಕಿವಿ ಒಂದು ಕಡೆಗೆ, ಕಿರಿಯರ ಕಿವಿ ಮತ್ತೊಂದು ಕಡೆಗೆ ತಿರುಗಿರುವದು ಇಂದಿನ ಅನೇಕ ಗೃಹಸ್ಥರ ಅನುಭವವಾಗಿದೆ. ಆದುದರಿಂದ ಆ ಅಜ್ಜನ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡದೆ, ನಮಗೆ ತಿಳಿದಷ್ಟನ್ನು ವಾಚಕರ ಮುಂದಿಡುವದು ಯೋಗ್ಯವೆಂದು ಬಗೆದಿದ್ದೇವೆ.

ಈ ಬಗೆಯ ಹಾಡಿಗೆ ರ್ಯಾಪ್ ಎಂದೂ, ಅದು ಬೆಳೆದುಬಂದ ಇಡಿಯ ಸಂಪ್ರದಾಯಕ್ಕೆ ಹಿಪ್-ಹಾಪ್ ಎಂದೂ ಹೆಸರು. ಇದರ ತವರುಮನೆ ಅಮೇರಿಕೆಯ ನ್ಯೂಯಾರ್ಕ್ ಪಟ್ಟಣದ ಬ್ರಾಂಕ್ಸ್ ಎಂಬ ಬಡವರ ಕೇರಿಯು. 1973ನೆಯ ಇಸವಿಯ ಆಗಸ್ಟ್ 11ರಂದು, ಜಮೇಕಾ ದ್ವೀಪದಿಂದ ಬಂದು ನೆಲೆಸಿದ್ದ ಕೂಲ್ ಹರ್ಕ್ ಎಂಬ ತರುಣನು ತನ್ನ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ಗ್ರಾಮಾಫೋನ್ ತಟ್ಟೆಗಳನ್ನು ಬಾರಿಸಿದ ದಿನವನ್ನೇ ಈ ಕಲೆಯ ಹುಟ್ಟುಹಬ್ಬವೆಂದು ಆಚರಿಸುತ್ತಾರೆ. ಹಾಡಿನಲ್ಲಿ ಬರಿಯ ವಾದ್ಯ ನುಡಿಯುವ ತುಣುಕು ಬಂದಾಗ ಕುಣಿಯುವವರಿಗೆ ಹುರುಪು ಹೆಚ್ಚುವದನ್ನು ಕಂಡು, ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುವ ಯುಕ್ತಿಯನ್ನು ಅವನು ರೂಢಿಸಿದನು. ಆ ಪೆಟ್ಟಿನ ಮೇಲೆ ಪ್ರಾಸಬದ್ಧವಾದ ಮಾತು ಸೇರಿ ರ್ಯಾಪ್ ಆಯಿತು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಎಂಬವರ ತಟ್ಟೆಯೊಂದು ಇದನ್ನು ದೇಶಾಂತರಗಳಿಗೆ ಒಯ್ದಿತು. ವೀಣೆ ಕೊಳ್ಳಲು, ಗುರುವಿಗೆ ದಕ್ಷಿಣೆ ಕೊಡಲು ಹಣವಿಲ್ಲದವರು ಇದ್ದ ಯಂತ್ರವನ್ನೇ ವಾದ್ಯವಾಗಿ ಮಾಡಿಕೊಂಡರೆಂಬುದನ್ನು ಮರೆಯಲಾಗದು.

ಇಂಗ್ಲೆಂಡಿಗೆ ಈ ಗಾಳಿ ಬೀಸಿದಾಗ ಅಲ್ಲಿ ಕಿವಿಗಳು ಸಿದ್ಧವಾಗಿಯೇ ಇದ್ದವು. 1948ರಲ್ಲಿ ‘ಎಂಪೈರ್ ವಿಂಡ್‌ರಶ್’ ಹಡಗಿನಲ್ಲಿ ಬಂದವರನ್ನು ಮೊದಲುಮಾಡಿ ಜಮೇಕಾ ಮುಂತಾದ ದ್ವೀಪಗಳ ಸಾವಿರಾರು ಜನರು ಅಲ್ಲಿ ನೆಲೆಸಿದ್ದರು. ಆದರೂ ಮೊದಮೊದಲಿನ ಬ್ರಿಟಿಶ್ ಹಾಡುಗಾರರಲ್ಲಿ ಅನೇಕರು ಅಮೇರಿಕನ್ನರ ಉಚ್ಚಾರವನ್ನೇ ಅನುಕರಿಸುತ್ತಿದ್ದರು. 1990ರಲ್ಲಿ ಲಂಡನ್ ಪೊಸ್ಸೆ ಎಂಬ ಜೋಡಿಯು ತಮ್ಮ ಕೇರಿಯ ಮಾತಿನಲ್ಲಿಯೇ ಹಾಡಿದ ತಟ್ಟೆಯನ್ನು ಹೊರತಂದಿತು. ನಮ್ಮ ಬಾಯಿಯ ಮಾತಿಗೂ ತಾಳ ಕೂಡುತ್ತದೆಂಬ ಧೈರ್ಯ ಬೆಳೆಯಿತು. 2003ರಲ್ಲಿ ಇನ್ನೂ ಇಪ್ಪತ್ತು ತುಂಬದ ಡಿಜ್ಜೀ ರಾಸ್ಕಲ್ ಎಂಬ ಲಂಡನ್ನಿನ ಬಡ ಹುಡುಗನು ಮರ್ಕ್ಯುರಿ ಪಾರಿತೋಷಕವನ್ನು ಗೆದ್ದನು. 2016ರಲ್ಲಿ ಅದೇ ಪಾರಿತೋಷಕವು, ತನ್ನ ಬಳಗದವರೇ ನಡೆಸುವ ಸಂಸ್ಥೆಯಿಂದ ತಟ್ಟೆಯನ್ನು ಹೊರತಂದ ಸ್ಕೆಪ್ಟಾ ಎಂಬವನಿಗೆ ದೊರೆಯಿತು.

ಮೊರಬದ ಕಟ್ಟೆಯ ಮೇಲೆ ನಾವು ಕೇಳಿದ ದನಿ ಲಿಟಲ್ ಸಿಮ್ಜ್ ಎಂಬಾಕೆಯದು. ನೈಜೀರಿಯಾ ದೇಶದ ತಂದೆತಾಯಿಗಳ ಮಗಳಾಗಿ 1994ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಕೆಯ ಮನೆಯ ಹೆಸರು ಸಿಂಬಿ. 2021ರ ಸಪ್ಟೆಂಬರದಲ್ಲಿ ಆಕೆ ತನ್ನ ಸ್ವಂತ ಮುದ್ರೆಯಾದ ‘ಏಜ್ 101’ರಿಂದ ಹೊರತಂದ ಹಾಡುಗಳ ಮಾಲೆಗೆ, ‘ಕೆಲವೊಮ್ಮೆ ನಾನು ಒಳಮುಖಿಯಾಗಿರಬಹುದು’ ಎಂಬರ್ಥದ ಇಂಗ್ಲಿಷ್ ಹೆಸರಿದೆ. ಅದರ ಶಬ್ದಗಳ ಮೊದಲಕ್ಷರಗಳನ್ನು ಕೂಡಿಸಿದರೆ ಆಕೆಯ ಮನೆಯ ಹೆಸರೇ ಆಗುತ್ತದೆ. ತಂದೆಯ ಮೇಲಿನ ಪ್ರೀತಿ ಮತ್ತು ಸಿಟ್ಟು ಒಂದರೊಳಗೊಂದು ಹೆಣೆದುಕೊಂಡ ಹಾಡು ಅದರಲ್ಲಿದೆ. 2022ರ ಅಕ್ಟೋಬರದಲ್ಲಿ ಮರ್ಕ್ಯುರಿ ಪಾರಿತೋಷಕವು ಈಕೆಯ ಪಾಲಿಗೆ ಬಂದಿತು. ‘ಲೋಟಸ್’, ಎಂದರೆ ತಾವರೆ, ಎಂಬ ಮಾಲೆಯು 2025ರ ಜೂನದಲ್ಲಿ ಹೊರಬಿದ್ದಿತು.

‘ಸ್ವಂತ ಮುದ್ರೆ’ ಎಂದೆವಲ್ಲವೆ? ಅದರ ಅರ್ಥವನ್ನು ಗೃಹಸ್ಥರು ಒಕ್ಕಲುತನದ ಹೋಲಿಕೆಯಿಂದ ಬೇಗನೆ ತಿಳಿಯಬಹುದು. ದೊಡ್ಡ ಕಂಪನಿಯು ಮುಂಗಡ ಹಣ ಕೊಟ್ಟು ಹಾಡಿಸಿಕೊಂಡಾಗ ಬಹುಮಟ್ಟಿಗೆ ಮೂಲ ಮುದ್ರಣದ ಒಡೆತನವು ಕಂಪನಿಯದಾಗುತ್ತದೆ. ಹಾಡುಗಾರನು ಪಾಲಿನಿಂದ ಹೊಲ ಮಾಡುವ ರೈತನಂತೆ. ಸ್ವತಂತ್ರನಾಗಿ ಹಾಡುವವನಿಗೆ ಹೊಲ ತನ್ನದು, ಬೆಳೆ ತನ್ನದು; ಆದರೆ ಬೀಜ, ಗೊಬ್ಬರ, ಆಳಿನ ಕೂಲಿ, ಬರಗಾಲಗಳೂ ತನ್ನವೇ. ಇದೇ ಲಿಟಲ್ ಸಿಮ್ಜ್, ಪಾರಿತೋಷಕ ಬಂದ 2022ರಲ್ಲಿಯೇ, ಅಮೇರಿಕೆಯ ಪ್ರವಾಸವೊಂದನ್ನು ರದ್ದುಗೊಳಿಸಬೇಕಾಯಿತು. ಸ್ವತಂತ್ರ ಕಲಾವಿದೆಯಾದ ತಾನು ಎಲ್ಲ ವೆಚ್ಚವನ್ನು ತಾನೇ ಹೊರಬೇಕಾಗಿರುವದರಿಂದ, ಆ ಪ್ರವಾಸವು ದೊಡ್ಡ ನಷ್ಟವನ್ನು ತರುವದೆಂದು ಆಕೆ ಬಹಿರಂಗವಾಗಿ ತಿಳಿಸಿದಳು. ಸ್ವಾತಂತ್ರ್ಯಕ್ಕೂ ಕಂದಾಯವುಂಟು.

ಈ ಒಡೆತನದ ಪ್ರಶ್ನೆಯು ನಮ್ಮ ಧಾರವಾಡ ಸೀಮೆಗೆ ಹೊಸದಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ನೆಲೆಸಿದ ಗಂಗೂಬಾಯಿ ಹಾನಗಲ್ಲರ ಮೊದಲಿನ ತಟ್ಟೆಗಳನ್ನು ಎಚ್.ಎಂ.ವಿ. ಕಂಪನಿಯು 1932ರ ಸುಮಾರಿಗೆ ಮುದ್ರಿಸಿತು. ಆ ತಟ್ಟೆಗಳ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’! ಒಂದು ಬದಿಗೆ ಮೂರು ನಿಮಿಷದಷ್ಟೇ ಅವಕಾಶ, ಹೆಸರೂ ಬೇರೆ. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು, ಸವಾಯಿ ಗಂಧರ್ವರ ಬಳಿ ಶ್ರಮದಿಂದ ಕಲಿತು, ಆ ತಾಯಿಯು ತನ್ನ ಹೆಸರನ್ನೂ ತನ್ನ ದನಿಯನ್ನೂ ನಾಡಿನ ತುಂಬ ನಿಲ್ಲಿಸಿದರು. 2002ರಲ್ಲಿ ಪದ್ಮವಿಭೂಷಣವನ್ನು ಪಡೆದು, 2009ರಲ್ಲಿ ತೀರಿಕೊಂಡರು. ಆ ದನಿಯನ್ನು ಇಂದು ಯಾರೂ ಗಾಂಧಾರಿಯದೆನ್ನುವದಿಲ್ಲ.

ಇನ್ನು ಅಜ್ಜನ ಪ್ರಶ್ನೆಗೆ ಬರೋಣ. ಹಾಡೋ, ಜಗಳೋ? ಗೀಗೀ ಮೇಳವನ್ನು ರಾತ್ರಿಯೆಲ್ಲ ಕುಳಿತು ಕೇಳಿದ ಅಜ್ಜನೇ ಇದಕ್ಕೆ ಉತ್ತರ ಕೊಡಬಲ್ಲನು. ಹರದೇಶಿ, ನಾಗೇಶಿ ಎಂಬ ಎರಡು ಪಕ್ಷಗಳು. ಶಿವನು ಹೆಚ್ಚೆಂದು ಒಬ್ಬರು, ಶಕ್ತಿಯು ಹೆಚ್ಚೆಂದು ಇನ್ನೊಬ್ಬರು. ದಪ್ಪಿನ ಪೆಟ್ಟು, ತುಂತುಣಿಯ ನಾದ, ತಾಳದ ಜೊತೆ. ಮುಂದಿನವನು ಸವಾಲು ಹಾಕಿದರೆ ಎದುರಿನವನು ಹಾಡಿನಲ್ಲಿಯೇ ಜವಾಬು ಕೊಡಬೇಕು, ತಡವರಿಸಿದರೆ ಸೋತಂತೆ. ಅದು ಜಗಳವಲ್ಲವೆ? ಹಾಡಲ್ಲವೆ? ಲಾವಣಿಯ ಕವಿಯು ಕೊನೆಯ ನುಡಿಯಲ್ಲಿ ತನ್ನ ಊರನ್ನೂ ಗುರುವನ್ನೂ ಹೆಸರಿಸಿ ಅಂಕಿತ ಹಾಕುತ್ತಾನೆ. ಲಂಡನ್ನಿನ ರ್ಯಾಪುಗಾರನೂ ತನ್ನ ಹೆಸರನ್ನೂ ಕೇರಿಯನ್ನೂ ಹಾಡಿನೊಳಗೇ ಹೇಳಿಕೊಳ್ಳುತ್ತಾನೆ. ಇವರಲ್ಲಿ ಒಬ್ಬರು ಇನ್ನೊಬ್ಬರಿಂದ ಕಲಿತವರಲ್ಲ. ಬಾಯೇ ಬಂಡವಾಳವಾದ ಬಡವರು ಎಲ್ಲಿದ್ದರೂ ಇಂಥದೊಂದು ಕಲೆಯನ್ನು ಕಟ್ಟಿಕೊಳ್ಳುವರೆಂದಷ್ಟೇ ನಾವು ಹೇಳುವೆವು.

ಇದರಲ್ಲಿ ಅಶ್ಲೀಲವಾದ ಮಾತು, ಕುಡಿತದ ಹೊಗಳಿಕೆ, ಹೊಡೆದಾಟದ ಡೌಲು ಬಹಳವೆಂದು ಹಿರಿಯರು ಆಕ್ಷೇಪಿಸುತ್ತಾರೆ. ಆಕ್ಷೇಪವು ಸುಳ್ಳಲ್ಲ. ಆದರೆ ನಮ್ಮ ಲಾವಣಿಯನ್ನೂ ಸಭ್ಯರೆನಿಸಿದವರು ಒಂದು ಕಾಲಕ್ಕೆ ಕೀಳೆಂದು ದೂರವಿಟ್ಟಿದ್ದರು. ಹಲಗಲಿಯ ಬೇಡರ ಲಾವಣಿಯನ್ನು 19ನೆಯ ಶತಮಾನದಲ್ಲಿ ಅಚ್ಚು ಹಾಕಿಸಲು ಫ್ಲೀಟ್ ಎಂಬ ಪರದೇಶದ ಅಧಿಕಾರಿಯೇ ಬೇಕಾಯಿತು. ಮುಂದೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಜನಪದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ನಾಡಿನ ಕಣ್ಣು ತೆರೆಯಿತು. ಸ್ವಾತಂತ್ರ್ಯದ ಚಳವಳಿಯಲ್ಲಿ ಹುಲಕುಂದದ ಭೀಮಕವಿಯಂಥವರ ಗೀಗೀ ಪದಗಳು ಓದು ಬಾರದ ಹಳ್ಳಿಗರಿಗೂ ದೇಶದ ಮಾತನ್ನು ಮುಟ್ಟಿಸಿದವು. ಕಾಳು ಜೊಳ್ಳುಗಳನ್ನು ಕೇರಿ ನೋಡಬೇಕಲ್ಲದೆ, ರಾಶಿಯನ್ನೇ ಒದೆಯಬಾರದು.

ಕನ್ನಡದಲ್ಲಿಯೂ ರ್ಯಾಪ್ ಬೇರೂರಿದೆ. ಬೆಂಗಳೂರಿನ ಬ್ರೋಧಾ ವಿ ಎಂಬವನು 2012ರಲ್ಲಿ ‘ಆತ್ಮ ರಾಮ’ ಎಂಬ ಹಾಡಿನಲ್ಲಿ ಇಂಗ್ಲಿಷ್ ರ್ಯಾಪಿಗೆ ರಾಮಸ್ಮರಣೆಯನ್ನು ಜೋಡಿಸಿದನು. ‘ಆಲ್ ಓಕೆ’ ಎಂದು ಹೆಸರಾದ ಆಲೋಕ, ಹಾಸನ ಜಿಲ್ಲೆಯ ಚಂದನ್ ಶೆಟ್ಟಿ ಮೊದಲಾದವರು ಕನ್ನಡದಲ್ಲಿಯೇ ಹಾಡಿ ಮನೆಮಾತಾದರು. ಈ ಬೆಳೆಯ ಹೆಚ್ಚಿನ ಪಾಲು ಬೆಂಗಳೂರಿನದು. ನಮ್ಮ ಹುಡುಗರಾದರೋ ಪಟ್ಟಣಕ್ಕೆ ಕಲಿಯಲು ಹೋದೊಡನೆ ‘ಐತಿ’, ‘ಬ್ಯಾಡ’, ‘ಹೌದಲ್ಲೋ’ ಎಂಬ ಮನೆಯ ಮಾತನ್ನು ನಾಚಿಕೆಯಿಂದ ಮುಚ್ಚಿಡುವರು. ಲಂಡನ್ನಿನವರು ಅಮೇರಿಕೆಯ ಉಚ್ಚಾರವನ್ನು ಬಿಟ್ಟ ದಿನವೇ ಅವರ ಹಾಡಿಗೆ ಜೀವ ಬಂದಿತೆಂಬುದನ್ನು ಇವರು ನೆನೆಯಬೇಕು.

ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ಮಗನು ಕೇಳುವ ಹಾಡನ್ನು ಒಮ್ಮೆ ಅವನ ಜೊತೆಗೆ ಕುಳಿತು ಕೇಳಿರಿ, ಅರ್ಥವನ್ನು ಕೇಳಿರಿ, ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳಿರಿ. ಬಳಿಕ ಅವನನ್ನು ಗೀಗೀ ಮೇಳಕ್ಕೆ ಕರೆದೊಯ್ಯಿರಿ. ಒಂದು ಕಿವಿಯನ್ನು ನೀವು ಕೊಟ್ಟರೆ ಇನ್ನೊಂದನ್ನು ಅವನು ಕೊಟ್ಟಾನು.

ಆ ಸಂಜೆ ನಾವು ಎದ್ದು ಹೊರಡುವಾಗ ಅಜ್ಜನು ಹುಡುಗನಿಗೆ, “ಆ ಹುಡುಗಿ ಅಪ್ಪಗ ಏನಂತಾಳ, ಹೇಳು” ಎನ್ನುತ್ತಿದ್ದನು. ಹುಡುಗನು ಹಾಡನ್ನು ನಿಲ್ಲಿಸಿ, ಮೊದಲಿನಿಂದ ಒಂದೊಂದೇ ಮಾತನ್ನು ಮೊರಬದ ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದ್ದನು.