ಗುಡ್ಡದ ಕೇಪಳ ಅಂಗಳಕ್ಕೆ ಬರಲಿ

ಕಾಸರಗೋಡು: ಮಳೆ ಹಿಡಿಯಿತೆಂದರೆ ಗಡಿನಾಡಿನ ಮನೆಗಳಲ್ಲಿ ಗಿಡ ನೆಡುವ ಉಮೇದು. ಪೇಟೆಗೆ ಹೋದವರು ನರ್ಸರಿಯಿಂದ ಒಂದೆರಡು ಹೂವಿನ ಗಿಡ ಹಿಡಿದುಕೊಂಡೇ ಮರಳುತ್ತಾರೆ. ಅದರಲ್ಲಿ ಚಿಕ್ಕ ಎಲೆಯ, ಮೊಣಕಾಲೆತ್ತರಕ್ಕೇ ಹೂ ಬಿಡುವ ಗಿಡ್ಡ ಜಾತಿಯ ಕೇಪಳವೂ ಇರುತ್ತದೆ. ಅದರ ಹಿರಿಯಕ್ಕ ಮನೆಯ ಹಿಂದಿನ ಗುಡ್ಡದಲ್ಲೇ ಇದ್ದಾಳೆ. ಅವಳನ್ನು ಕೇಳುವವರು ಮಾತ್ರ ಕಡಿಮೆ.

ಕನ್ನಡದಲ್ಲಿ ಕೇಪಳ, ಕೆಲವೆಡೆ ಗುಡ್ಡೆ ದಾಸಾಳ. ತುಳುವರಿಗೆ ಕೇಪುಳ. ಮಲಯಾಳದಲ್ಲಿ ಚೆತ್ತಿ ಅಥವಾ ತೆಚ್ಚಿ, ಉತ್ತರ ಮಲಬಾರಿನವರ ಬಾಯಲ್ಲಿ ಚೆಕ್ಕಿ. ಸಸ್ಯಶಾಸ್ತ್ರದವರು ಇಟ್ಟ ಹೆಸರು ಇಕ್ಸೋರಾ ಕಾಕ್ಸಿನಿಯಾ. ಈ 'ಇಕ್ಸೋರಾ' ಎಂಬುದು ನಮ್ಮ 'ಈಶ್ವರ'ನೇ ವಿದೇಶಿಯರ ನಾಲಿಗೆಯಲ್ಲಿ ತಿರುಚಿಕೊಂಡ ರೂಪ ಎನ್ನುತ್ತಾರೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಕಾಫಿ ಗಿಡದ ಕುಟುಂಬಕ್ಕೇ ಸೇರಿದ್ದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹಾರ್ಟಸ್ ಮಲಬಾರಿಕಸ್' ಎಂಬ ಬೃಹತ್ ಗ್ರಂಥದಲ್ಲಿ ಚೆತ್ತಿಯ ಚಿತ್ರವೂ ಇದೆ.

ಇಲ್ಲಿನ ಹಳಬರಿಗೆ ಈ ಗಿಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ಶಾಲೆಯಿಂದ ಬರುವ ದಾರಿಯಲ್ಲಿ ಹೂವಿನ ಉದ್ದ ಕೊಳವೆಯನ್ನು ಎಳೆದು ತುದಿಯ ಜೇನು ಹೀರದ ಮಕ್ಕಳಿರಲಿಲ್ಲ. ಕೆಂಪು ಕಪ್ಪಿಗೆ ತಿರುಗಿದ ಹಣ್ಣನ್ನು ಕಿಸೆ ತುಂಬಿಕೊಂಡು ಬೈಸಿಕೊಂಡವರೂ ಉಂಟು. ಹೂವಿನ ತಂಬುಳಿ ಊಟಕ್ಕೆ, ಹೂ ಹಾಕಿ ಕಾಯಿಸಿದ ತೆಂಗಿನೆಣ್ಣೆ ಎಳೆ ಮಗುವಿನ ಮೈಗೆ. ಗುಡಿಯ ಪೂಜೆಗೆ, ಭೂತದ ಕೋಲಕ್ಕೆ, ತೆಯ್ಯಂನ ಅಲಂಕಾರಕ್ಕೆ ಕೆಂಪು ಹೂವೆಂದರೆ ಇದೇ.

ಈಗ ಯಾಕೆ ಈ ಮಾತು?

2024ರ ಏಪ್ರಿಲ್ ಕೊನೆಯಲ್ಲಿ ಆಲಪ್ಪುಳ ಜಿಲ್ಲೆಯ ಯುವ ದಾದಿಯೊಬ್ಬರು ತೀರಿಕೊಂಡರು. ಅವರು ಕಣಗಿಲೆಯ, ಮಲಯಾಳದಲ್ಲಿ 'ಅರಳಿ' ಎನ್ನುವ ಗಿಡದ ಎಲೆ ಅಗಿದದ್ದೇ ಕಾರಣವೆಂಬ ಶಂಕೆ ಮೂಡಿತು. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲದರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಮರು ತಿಂಗಳು, ಮೇ ತಿಂಗಳಲ್ಲಿ, ತಿರುವಿದಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂ ಬಳಸಬಾರದೆಂದು ತೀರ್ಮಾನಿಸಿದವು. ಅದರ ಬದಲು ತುಳಸಿ, ತೆಚ್ಚಿಯಂಥವು ಸಾಕು ಎಂಬ ಮಾತು ಬಂತು.

ಸಾಕು, ಸರಿ. ಆದರೆ ತೆಚ್ಚಿ ಎಲ್ಲಿದೆ? ಹಿಂದೆ ಬುಟ್ಟಿ ಹಿಡಿದು ಗುಡ್ಡ ಹತ್ತಿದರೆ ಅರ್ಧ ಗಂಟೆಯಲ್ಲಿ ತುಂಬುತ್ತಿತ್ತು. ಇಂದು ಎಷ್ಟೋ ಗುಡ್ಡಗಳಲ್ಲಿ ರಬ್ಬರ್ ಇದೆ, ಅಕೇಶಿಯ ಇದೆ. ಕೆಂಪು ಕಲ್ಲಿನ ಕೋರೆಗಾಗಿ ಮೇಲ್ಮಣ್ಣು ಕೆರೆದು ಹಾಕಿದ ಜಾಗಗಳಿವೆ. ಹೆದ್ದಾರಿಗೆಂದು ಅರ್ಧಕ್ಕೆ ಕತ್ತರಿಸಿದ ಗುಡ್ಡಗಳಿವೆ. ಕೇಪಳದ ಪೊದೆಗೆ ಬೆಲೆ ಕಟ್ಟುವವರಿಲ್ಲದ ಕಾರಣ ಅದು ಹೋದದ್ದೂ ಯಾರ ಲೆಕ್ಕಕ್ಕೂ ಬರಲಿಲ್ಲ. ಹಾಗಾಗಿ ಗುಡ್ಡದಲ್ಲಿ ಉಳಿದಿರುವುದನ್ನು ಅಂಗಳಕ್ಕೂ ತರುವುದೇ ಉಳಿದಿರುವ ದಾರಿ.

ಕಿತ್ತು ತರಬೇಡಿ, ಗೆಲ್ಲು ತನ್ನಿ

ಗುಡ್ಡದ ಬಲಿತ ಪೊದೆಯನ್ನು ಹಾರೆ ಹಾಕಿ ಕಿತ್ತು ತಂದರೆ ಬದುಕುವುದು ಕಷ್ಟ. ಅದರ ಬೇರು ಮುರಕಲ್ಲಿನ ಸಂದಿಗೆ ಇಳಿದಿರುತ್ತದೆ, ಕೀಳುವಾಗ ತುಂಡಾಗುತ್ತದೆ. ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ ಎಂಬಂತಾಗುತ್ತದೆ. ಗೆಲ್ಲು ತರುವುದೇ ಸರಿ.

ಜೂನ್, ಜುಲೈ ತಿಂಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ತೀರಾ ಎಳೆಯದೂ ಅಲ್ಲದ, ಬಲಿತು ಬೂದು ಬಣ್ಣಕ್ಕೆ ತಿರುಗಿದ್ದೂ ಅಲ್ಲದ, ಪೆನ್ಸಿಲ್ ದಪ್ಪದ ಗೆಲ್ಲನ್ನು ಆರಿಸಿ ಐದಾರು ಇಂಚು ಉದ್ದಕ್ಕೆ, ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಬೇಕು. ಹೂವಿದ್ದರೆ ತೆಗೆಯಬೇಕು. ಕೆಳಗಿನ ಎಲೆಗಳನ್ನು ಪೂರ್ತಿ ತೆಗೆದು, ಮೇಲಿನ ಎರಡೆಲೆಗಳನ್ನು ಅರ್ಧಕ್ಕೆ ಕತ್ತರಿಸಬೇಕು. ಹೊಯ್ಗೆ, ಕೆಂಪು ಮಣ್ಣು, ಹುಡಿಯಾದ ಸೊಪ್ಪಿನ ಗೊಬ್ಬರ ಸಮಪಾಲು ಬೆರೆಸಿ ತುಂಬಿದ ತೊಟ್ಟೆಯಲ್ಲಿ ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಊರಬೇಕು. ಜಗಲಿಯ ಬದಿಯ ನೆರಳಿನಲ್ಲಿ, ಧಾರೆ ಮಳೆ ಬೀಳದಲ್ಲಿ ಇಟ್ಟರೆ ಎರಡು ತಿಂಗಳೊಳಗೆ ಬೇರು ಬರುತ್ತದೆ. ಹತ್ತು ಊರಿದರೆ ಹತ್ತೂ ಬದುಕುವುದಿಲ್ಲ. ಆದ್ದರಿಂದ ಬೇಕಾದ್ದಕ್ಕಿಂತ ದುಪ್ಪಟ್ಟು ಊರುವುದು ಜಾಣತನ.

ಇನ್ನೂ ಸುಲಭದ ಉಪಾಯವಿದೆ. ನೆಲಕ್ಕೆ ತಾಗುವಂತಿರುವ ಗೆಲ್ಲೊಂದನ್ನು ಬಗ್ಗಿಸಿ, ಅಡಿಭಾಗದ ತೊಗಟೆಯನ್ನು ಸ್ವಲ್ಪ ಕೆರೆದು, ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಿ ಬಿಡುವುದು. ತಾಯಿ ಗಿಡದ ಆಸರೆಯಲ್ಲೇ ಬೇರು ಬಿಡುತ್ತದೆ. ಮಳೆ ಮುಗಿಯುವ ಹೊತ್ತಿಗೆ ಕತ್ತರಿಸಿ ತರಬಹುದು. ಬೀಜದಿಂದ ಬೆಳೆಸುವವರು ಹಣ್ಣಿನ ತಿರುಳು ತೊಳೆದು ಒಡನೆಯೇ ಬಿತ್ತಬೇಕು. ಹೂವಿಗೆ ಮಾತ್ರ ಹೆಚ್ಚು ವರ್ಷ ಕಾಯಬೇಕು.

ನೆಡಲು ಒಂದೂವರೆ ಅಡಿ ಗುಂಡಿ ಸಾಕು. ಬೇಲಿಯಾಗಬೇಕಿದ್ದರೆ ಎರಡರಿಂದ ಮೂರು ಅಡಿ ಅಂತರ, ಒಂಟಿ ಪೊದೆಯಾಗಿ ಹರಡಬೇಕಿದ್ದರೆ ಐದಾರು ಅಡಿ. ನೀರು ನಿಲ್ಲುವ ಜಾಗ ಬೇಡ. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳಬೇಕು. ತೋಟದ ನೆರಳಿನಲ್ಲಿ ನೆಟ್ಟರೆ ಎಲೆ ಚೆನ್ನಾಗಿರುತ್ತದೆ, ಹೂವಿಲ್ಲ.

ಎಲೆ ಹಳದಿಯಾದರೆ ಗೊಬ್ಬರದ ಕೊರತೆಯಲ್ಲ

ಅಂಗಳದ ಕೇಪಳದ ದೊಡ್ಡ ದೂರು ಇದೇ. ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ಮನೆಯವರು ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುತ್ತಾರೆ. ಗಿಡ ಮತ್ತಷ್ಟು ಸೊರಗುತ್ತದೆ. ಗುಡ್ಡದಲ್ಲಿ ಯಾರೂ ಒಂದು ಹಿಡಿ ಗೊಬ್ಬರ ಹಾಕದೆ ಹಸಿರಾಗಿದ್ದ ಗಿಡ ಅಂಗಳದಲ್ಲಿ ಯಾಕೆ ಹೀಗೆ?

ಕೇಪಳಕ್ಕೆ ಬೇಕಾದ್ದು ಹುಳಿ ಮಣ್ಣು. ನಮ್ಮ ಮುರಕಲ್ಲಿನ ಮಣ್ಣು ಸ್ವಭಾವತಃ ಹುಳಿಯೇ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಬೇರಿಗೆ ಸಲೀಸಾಗಿ ಸಿಗುತ್ತದೆ. ಸುಣ್ಣ ಬೆರೆತರೆ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಎಟಕುವುದಿಲ್ಲ. ಅಂಗಳದಲ್ಲಿ ಸುಣ್ಣ ಬರುವ ದಾರಿಗಳು ಹಲವು. ಮನೆ ಕಟ್ಟಿದಾಗ ಉಳಿದ ಸಿಮೆಂಟ್ ಚೂರು ಗೋಡೆಯ ಬುಡದಲ್ಲಿರುತ್ತದೆ. ಬಚ್ಚಲೊಲೆಯ ಬೂದಿಯನ್ನು ಹೂವಿನ ಗಿಡದ ಬುಡಕ್ಕೇ ಹಾಕುವ ರೂಢಿಯಿದೆ. ಬಟ್ಟೆ ಒಗೆದ ಸಾಬೂನು ನೀರು ಹರಿಯುತ್ತದೆ. ಅಡಿಕೆಗೆ ಬೋರ್ಡೋ ಮದ್ದು ಬಿಟ್ಟ ಮೇಲೆ ಡ್ರಮ್ ತೊಳೆಯುವುದೂ ಅಂಗಳದ ಮೂಲೆಯಲ್ಲೇ. ತೆಂಗು, ಅಡಿಕೆಗೆ ಕೃಷಿ ಭವನದವರು ಸುಣ್ಣ ಹಾಕಲು ಹೇಳುವುದು ಸರಿ. ಅದೇ ಉಪಚಾರ ಕೇಪಳಕ್ಕೆ ಹಿತವಲ್ಲ.

ಪರಿಹಾರ ಕಷ್ಟದ್ದಲ್ಲ. ಗೋಡೆಯಿಂದ ಎರಡು ಮೂರು ಅಡಿ ದೂರ ನೆಡುವುದು, ಬೂದಿ ಮತ್ತು ಸಾಬೂನು ನೀರನ್ನು ಬೇರೆಡೆಗೆ ತಿರುಗಿಸುವುದು, ಬುಡಕ್ಕೆ ತರಗೆಲೆ ದಪ್ಪವಾಗಿ ಹರಡುವುದು. ಹಳದಿ ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿ, ಕರಗಿಸಿ ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಬೇಕು. ಹೊಸ ಚಿಗುರು ಹಸಿರಾಗಿ ಬರುತ್ತದೆ. ವರ್ಷಕ್ಕೆರಡು ಸಲ ಒಂದೊಂದು ಬುಟ್ಟಿ ಹಳೆಯ ಹಟ್ಟಿಗೊಬ್ಬರ ಕೊಟ್ಟರೆ ಬೇರೇನೂ ಬೇಡ.

ಕತ್ತರಿ ಹಾಕುವಾಗ ಎಚ್ಚರ

ಕೇಪಳದ ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ. ಬೇಲಿ ನೇರವಾಗಿರಲೆಂದು ತಿಂಗಳು ತಿಂಗಳೂ ಕತ್ತರಿ ಆಡಿಸಿದರೆ ಮೊಗ್ಗು ಬರಬೇಕಾದ ತುದಿಯೇ ಹೋಗುತ್ತದೆ. 'ಗಿಡ ಗೊಡ್ಡಾಯಿತು' ಎಂದು ದೂರುವ ಮನೆಗಳಲ್ಲಿ ಹೆಚ್ಚಾಗಿ ತಪ್ಪು ಕತ್ತರಿಯದ್ದು. ಪತ್ತನಾಜೆ ಕಳೆದು ಮೊದಲ ಮಳೆ ಬಿದ್ದಾಗ ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ಕತ್ತರಿಸಿದರೆ ಸಾಕು. ತುಲಾ ತಿಂಗಳ ಹತ್ತರಿಂದ ಕೋಲ, ತೆಯ್ಯಂಗಳ ಕಾಲ ಶುರುವಾಗುವ ಹೊತ್ತಿಗೆ ಹೊಸ ಚಿಗುರು ಬಲಿತು ಹೂವಿಗೆ ಸಿದ್ಧವಾಗಿರುತ್ತದೆ. ಪೂಜೆಗೆ ಗೊಂಚಲು ಕೊಯ್ಯುವಾಗ ಕೆಳಗಿನ ಎರಡೆಲೆಯನ್ನೂ ಸೇರಿಸಿ ಚಿವುಟಿದರೆ ಅಲ್ಲಿಂದ ಎರಡು ಕುಡಿ ಒಡೆಯುತ್ತದೆ.

ರೋಗ ಕಡಿಮೆ. ಇರುವೆ ಸಾಲು ಹತ್ತುತ್ತಿದ್ದು ಎಲೆಯ ಮೇಲೆ ಮಸಿಯಂಥ ಕಪ್ಪು ಹರಡಿದ್ದರೆ ಹಿಟ್ಟು ತಿಗಣೆಯೋ ಶಲ್ಕ ಕೀಟವೋ ಇದೆಯೆಂದೇ ಅರ್ಥ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕಲಕಿ ಎಲೆಯ ಅಡಿಗೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ತಂಬುಳಿಗೆ, ಮಗುವಿನ ಎಣ್ಣೆಗೆ ಹೂ ಕೊಯ್ಯುವ ಗಿಡಕ್ಕೆ ಪೇಟೆಯ ಕೀಟನಾಶಕ ಬೇಡವೇ ಬೇಡ.

ನರ್ಸರಿಯ ಗಿಡ್ಡ ಜಾತಿ ಕೆಟ್ಟದ್ದೆಂದಲ್ಲ. ಕುಂಡದಲ್ಲೂ ಬೆಳೆಯುತ್ತದೆ, ಬೇಗ ಹೂ ಕೊಡುತ್ತದೆ. ಆದರೆ ಅದರಲ್ಲಿ ಹಣ್ಣು ಕಟ್ಟುವುದು ಅಪರೂಪ. ಗುಡ್ಡದ ಕೇಪಳಕ್ಕೆ ಚಿಟ್ಟೆ ಬರುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆಯೆನಿಸಿದ, ಅಂಗೈಗಿಂತ ಅಗಲದ ಕಪ್ಪು-ಹಳದಿ ಸದರ್ನ್ ಬರ್ಡ್‌ವಿಂಗ್ ಕೂಡ ಗಡಿಯ ಈಚೆ ಈ ಹೂವಿಗೆ ಎರಗುತ್ತದೆ. ಹಣ್ಣಿಗೆ ಪಿಕಳಾರ ಬರುತ್ತದೆ, ಬೀಜವನ್ನು ಮತ್ತೆಲ್ಲಿಗೋ ಒಯ್ಯುತ್ತದೆ. ಹೀಗೆ ಅಂಗಳದ ಒಂದು ಪೊದೆಯಿಂದ ಗುಡ್ಡಕ್ಕೂ ಗಿಡ ಮರಳಬಹುದು.

ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವ ಮುನ್ನ ಒಂದು ಮೂಲೆಯಲ್ಲಿ ನಾಲ್ಕಡಿ ಮಣ್ಣು ಹಾಗೆಯೇ ಬಿಟ್ಟರೆ ಸಾಕು. ಗುಡ್ಡಕ್ಕೆ ಯಂತ್ರ ಬರುವ ಮೊದಲು ಅಲ್ಲಿಂದ ನಾಲ್ಕು ಗೆಲ್ಲು ತಂದು ಊರಿದರೆ, ದೇವರಿಗೂ ಮಕ್ಕಳಿಗೂ ಅಂಜಿಕೆಯಿಲ್ಲದೆ ಕೊಡಬಹುದಾದ ಹೂ ಮನೆಯಲ್ಲೇ ಉಳಿಯುತ್ತದೆ.